ಗಾಜಿನ ಕಾಕಾ

ನಮ್ಮ ಕಡೆ ಗಾಜು ಮಾಡುವವರು ಇರಲಿಲ್ಲ. ಹಿರೇಕೆರೂರು ತಾಲ್ಲೂಕಿನ ನಮ್ಮೂರಿನಲ್ಲಿ ಕುಂಬಾರರು, ಕಮ್ಮಾರರು, ಬಡಿಗೇರರು, ಮೇದಾರರು ಎಲ್ಲರೂ ಇದ್ದರು. ಗಡಿಗೆ ಹೇಗಾಗುತ್ತದೆ, ಕುಡುಗೋಲಿಗೆ ಹೇಗೆ ಹಲ್ಲು ಹಾಕುತ್ತಾರೆ ಎಂಬುದನ್ನು ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ನೋಡಿಯೇ ತಿಳಿದುಕೊಂಡೆವು. ಗಾಜು ಮಾತ್ರ ಎಲ್ಲಿಂದಲೋ ತಯಾರಾಗಿ ಬರುತ್ತಿತ್ತು. ಮನೆಯ ಕಂದೀಲು ಓಗಲೆಯವರ ‘ಪ್ರಭಾಕರ’. ಅದರ ಗಾಜು ಕರಾಡದ ಹತ್ತಿರ ಓಗಲೆವಾಡಿ ಎಂಬಲ್ಲಿ ಆಗುತ್ತದೆಂದು ಅಪ್ಪ ಹೇಳುತ್ತಿದ್ದರು. 1916ರಲ್ಲಿ ಸ್ವದೇಶಿ ಹುಮ್ಮಸ್ಸಿನಲ್ಲಿ ಹುಟ್ಟಿದ ಕಾರಖಾನೆ ಅದು. ಸಂಜೆ ಬೂದಿ ಹಚ್ಚಿ ಆ ಗಾಜು ತಿಕ್ಕುವುದು ನನ್ನ ಕೆಲಸವಾಗಿತ್ತು. ನಡುವೆ ಉಬ್ಬಿ ಎರಡೂ ತುದಿಗೆ ಸಣ್ಣಗಾಗುವ ಅದರ ಆಕಾರ ನನ್ನ ಅಂಗೈಗೆ ಇಂದಿಗೂ ಗೊತ್ತು. ಅದು ಹಾಗೆ ಉಬ್ಬಿದ್ದು ಹೇಗೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಅವ್ವನ ತವರು ಹಾನಗಲ್ಲ. ಗ್ರಾಮದೇವಿಯ ಜಾತ್ರೆಗೆ ಹೋದಾಗ ಬಳೆಗಾರನ ಮುಂದೆ ಅವ್ವ, ಚಿಗವ್ವ, ಸೋದರತ್ತೆಯರು ಸಾಲಾಗಿ ಕೂತು ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದರು. ಬಳೆಗಾರ ಬೆರಳ ಗೆಣ್ಣು ಒತ್ತಿ, ಅಂಗೈ ಮಡಚಿ, ನೋವಾಗದಂತೆ ಬಳೆ ಏರಿಸುವುದೇ ಒಂದು ವಿದ್ಯೆ. ಆ ಬಳೆಗಳು ಫಿರೋಜಾಬಾದಿನವು. ಬಳೆಯನ್ನು ಊದಿ ಮಾಡುವುದಿಲ್ಲ. ಕರಗಿದ ಗಾಜನ್ನು ತಿರುಗುವ ಉರುಳೆಯ ಮೇಲೆ ಎಳೆಯಾಗಿ ಎಳೆದು ಸುರುಳಿ ಸುತ್ತುತ್ತಾರೆ. ಸುರುಳಿಯನ್ನು ಉದ್ದಕ್ಕೆ ಕೊಯ್ದರೆ ಒಂದೊಂದು ಸುತ್ತೂ ಬಾಯಿ ಬಿಟ್ಟ ಒಂದೊಂದು ಬಳೆ. ಆ ಬಾಯಿಯನ್ನು ಸಣ್ಣ ದೀಪದ ಉರಿಗೆ ಹಿಡಿದು ಒಂದೊಂದಾಗಿ ಬೆಸೆಯುವವರು ಹೆಚ್ಚಾಗಿ ಮನೆಯಲ್ಲೇ ಕೂತು ದುಡಿಯುವ ಹೆಂಗಸರು. ನಿಮ್ಮ ಮನೆಯಲ್ಲಿ ಗಾಜಿನ ಬಳೆ ಇದ್ದರೆ ಬೆಳಕಿಗೆ ಹಿಡಿದು ನೋಡಿ, ಆ ಬೆಸುಗೆಯ ಗಂಟು ಕಾಣುತ್ತದೆ. ನಾನು ಅದನ್ನು ಮೊದಲು ನೋಡಿದ್ದು ಇಪ್ಪತ್ತು ದಾಟಿದ ಮೇಲೆ, ಕಾಕಾ ತೋರಿಸಿದಾಗ.

ಕಾಕಾ ಸವಣೂರಿನವರು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಸಂಶೋಧನೆಗೆ ಸೇರಿಕೊಂಡ 1980ರ ದಶಕದ ಆರಂಭದಲ್ಲಿ ನಮಗೆ ಬೇಕಾದ ಗಾಜಿನ ಸಾಮಾನು ಮಾಡಿಕೊಡುತ್ತಿದ್ದವರು ಅವರು. ರೆಜಿಸ್ಟರಿನಲ್ಲಿ ಅವರ ಹುದ್ದೆ ‘ಗ್ಲಾಸ್ ಬ್ಲೋವರ್’. ನಾವೆಲ್ಲ ಕಾಕಾ ಎಂದೇ ಕರೆದೆವು. ಅವರ ಮಗಳ ಮಾತಿನಂತೆ ಇಲ್ಲಿಯೂ ಅದೇ ಹೆಸರಿನಿಂದ ಬರೆಯುತ್ತಿದ್ದೇನೆ.

ಅವರ ತಂದೆ ಸವಣೂರಿನಲ್ಲಿ ಗ್ಯಾಸಬತ್ತಿ ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದರು. ಮದುವೆಯ ಮೆರವಣಿಗೆಗೆ, ಉರುಸಿಗೆ, ಶಿಗ್ಗಾವಿ ಕಡೆಯ ಹಳ್ಳಿಗಳ ದೊಡ್ಡಾಟಕ್ಕೆ ಗ್ಯಾಸಬತ್ತಿ ಹೊತ್ತು ಹೋಗುವುದು ಹುಡುಗನಾಗಿದ್ದ ಕಾಕಾರ ಕೆಲಸ. ಬೆಳಗಿನ ತನಕ ಆಟ. ನಡುನಡುವೆ ಎದ್ದು ಪಂಪು ಹೊಡೆಯಬೇಕು, ಮ್ಯಾಂಟಲ್ ಉದುರಿದರೆ ಹೊಸದು ಕಟ್ಟಬೇಕು, ಮಂಜಿನ ಹನಿ ಬಿದ್ದು ಗಾಜು ಸಿಡಿಯದಂತೆ ನೋಡಿಕೊಳ್ಳಬೇಕು. ಕಾದ ಗಾಜಿನ ಮೇಲೆ ತಣ್ಣನೆಯ ಹನಿ ಬಿದ್ದರೆ ಯಾವ ಕಡೆಯಿಂದ ಬಿರುಕು ಓಡುತ್ತದೆ ಎಂಬುದು ಅವರಿಗೆ ಆಗಲೇ ತಿಳಿದಿತ್ತು. ಮುಂದೆ ಪ್ರಯೋಗಾಲಯದಲ್ಲಿ ಸಾಮಾನು ತೊಳೆಯುವ ಸಹಾಯಕನಾಗಿ ಸೇರಿ, ಬೆಂಗಳೂರಿನ ಒಬ್ಬ ಹಿರಿಯ ಗ್ಲಾಸ್ ಬ್ಲೋವರ್ ಕೈಕೆಳಗೆ ಕೆಲಸ ಕಲಿತು ಬಂದರು. ಗ್ಯಾಸಬತ್ತಿಯಿಂದ ಬರ್ನರಿಗೆ ಬಂದ ಆ ದಾರಿ ನನಗೆ ಬಹಳ ಸಹಜವಾಗಿ ಕಾಣುತ್ತದೆ. ಉರಿಯ ಬಣ್ಣ ನೋಡಿ ಅದರ ಗುಣ ಹೇಳುವುದನ್ನು ಯಾವ ತರಬೇತಿಯೂ ಅಷ್ಟು ಎಳೆಯ ವಯಸ್ಸಿನಲ್ಲಿ ಕಲಿಸಲಾರದು.

ಅವರ ಕೋಣೆ ಕಾರಿಡಾರಿನ ತುದಿಯಲ್ಲಿತ್ತು. ಫ್ಯಾನ್ ಹಾಕುವಂತಿಲ್ಲ, ಉರಿ ಅಲ್ಲಾಡುತ್ತದೆ. ಧಾರವಾಡದ ಏಪ್ರಿಲ್ ತಿಂಗಳಲ್ಲೂ ಕಿಟಕಿ ಮುಚ್ಚಿಯೇ ಕೆಲಸ. ಮೇಜಿನ ಮೇಲೆ ಬರ್ನರ್, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್, ಗ್ರಾಫೈಟಿನ ಪಟ್ಟಿ, ಹಿತ್ತಾಳೆಯ ಮೊನೆ, ಅರ. ಗೋಡೆಗೆ ಆನಿಸಿ ನಿಲ್ಲಿಸಿದ ಬೋರೋಸಿಲಿಕೇಟ್ ಕೊಳವೆಗಳು. ನಾವು ‘ಬೋರೋಸಿಲ್ ಗಾಜು’ ಎಂದು ಕಂಪನಿಯ ಹೆಸರಿನಿಂದಲೇ ಕರೆಯುತ್ತಿದ್ದ ಈ ಗಾಜನ್ನು 19ನೇ ಶತಮಾನದ ಕೊನೆಗೆ ಜರ್ಮನಿಯ ಜೆನಾ ಪಟ್ಟಣದಲ್ಲಿ ಆಟೋ ಷಾಟ್ ರೂಪಿಸಿದ. ಸಾಮಾನ್ಯ ಗಾಜಿಗೆ ಹೋಲಿಸಿದರೆ ಇದು ಕಾದಾಗ ಹಿಗ್ಗುವುದು ಮೂರನೆಯ ಒಂದು ಭಾಗದಷ್ಟು ಮಾತ್ರ. ಅದಕ್ಕೇ ಉರಿಯ ಮೇಲಿಟ್ಟರೂ ಒಡೆಯುವುದಿಲ್ಲ. ಆದರೆ ಮೆತ್ತಗಾಗಲು ಸುಮಾರು 820 ಡಿಗ್ರಿ ಸೆಲ್ಸಿಯಸ್ ಬೇಕು, ಊದಿ ಬೆಸೆಯುವುದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ಬರೀ ಅಡುಗೆ ಗ್ಯಾಸಿನ ಉರಿ ಸಾಲದು, ಆಕ್ಸಿಜನ್ ಬೆರೆಸಲೇಬೇಕು.

ಕಾದ ಗಾಜು ಹಳದಿಯಾಗಿ ಉರಿಯುತ್ತದೆ. ಗಾಜಿನೊಳಗಿನ ಸೋಡಿಯಂ ಕೊಡುವ ಬೆಳಕು ಅದು, 589 ನ್ಯಾನೋಮೀಟರಿನದು. ಆ ಹಳದಿಯ ಝಳದಲ್ಲಿ ಗಾಜಿನ ಅಂಚು ಎಲ್ಲಿದೆ ಎಂದೇ ಕಾಣುವುದಿಲ್ಲ. ಕಾಕಾ ಹಾಕಿಕೊಳ್ಳುತ್ತಿದ್ದುದು ಡಿಡೀಮಿಯಂ ಕನ್ನಡಕ. ಒಂದು ಸಲ ಅದನ್ನು ತೆಗೆದು ನನ್ನ ಕಣ್ಣಿಗೆ ಇಟ್ಟರು. ಹಳದಿ ಅಷ್ಟೂ ಅಳಿಸಿಹೋಗಿ, ಉರಿಯ ನಡುವೆ ಗಾಜು ತಾನೇ ತಾನಾಗಿ ತಿರುಗುತ್ತಿರುವುದು ಸ್ಪಷ್ಟವಾಗಿ ಕಂಡಿತು. ಸೋಡಿಯಂ ರೋಹಿತದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದವಳು ನಾನು. ಅದರ ಹಳದಿಯ ಜೋಡಿ ರೇಖೆಗಳ ಅರ್ಥ ನನ್ನ ಮೈಗೆ ಹತ್ತಿದ್ದು ಆ ಕ್ಷಣದಲ್ಲಿ.

ನನಗೂ ಊದಲು ಕಲಿಸಿಕೊಡಿ ಎಂದು ಗಂಟು ಬಿದ್ದೆ. ಹೆಣ್ಣುಮಕ್ಕಳು ಆ ಕೋಣೆಗೆ ಚೀಟಿ ಕೊಟ್ಟು ಹೋಗುತ್ತಿದ್ದರೇ ಹೊರತು ಬರ್ನರ್ ಮುಂದೆ ಕೂರುತ್ತಿರಲಿಲ್ಲ. ಕಾಕಾ ಎರಡನೆಯ ಮಾತಾಡಲಿಲ್ಲ. “ಜಡಿ ಕಟ್ಟಿ ಒಳಗ ಸೇರಿಸ್ಕೋ, ಸೆರಗ ಬಿಗಿ ಮಾಡ್ಕೋ, ಕೂಡು” ಎಂದರು. ಮೊದಲ ಪಾಠ ಊದುವುದಲ್ಲ, ತಿರುಗಿಸುವುದು. ಎರಡೂ ಕೈಗಳಲ್ಲಿ ಕೊಳವೆಯನ್ನು ಒಂದೇ ವೇಗದಲ್ಲಿ ತಿರುಗಿಸಬೇಕು. ನಡುವೆ ಗಾಜು ಮೆತ್ತಗಾದ ಮೇಲೆ ಎಡಗೈಗೂ ಬಲಗೈಗೂ ಸಂಬಂಧವೇ ತಪ್ಪಿಹೋಗುತ್ತದೆ. ಆಗಲೂ ಎರಡೂ ಕೂಡಿಯೇ ತಿರುಗಬೇಕು. ವಾರಗಟ್ಟಲೆ ನಾನು ಮಾಡಿದ್ದು ಅಷ್ಟೇ.

ಆಮೇಲೆ ಊದುವುದು. “ಎದಿಲೆ ಊದಬ್ಯಾಡ ಯವ್ವಾ, ಗಲ್ಲದಾಗ ಗಾಳಿ ಹಿಡಕೊಂಡು ಅಲ್ಲಿಂದ ಬಿಡು. ಉರಿಯಾಗ ಇದ್ದಾಗ ಊದಬಾರದು. ಹೊರಗ ತಗಿ, ಒಂದು ಗಳಿಗಿ ಬಿಡು, ಆಮ್ಯಾಲ ಊದು.” ಆ ಒಂದು ಗಳಿಗೆಯಲ್ಲಿ ಎಷ್ಟು ಭೌತಶಾಸ್ತ್ರ ಇದೆ ಎಂದು ನನಗೆ ನಿಧಾನವಾಗಿ ತಿಳಿಯಿತು. ಉರಿಯಿಂದ ತೆಗೆದೊಡನೆ ಗಾಜಿನ ತೆಳು ಭಾಗ ಮೊದಲು ತಣ್ಣಗಾಗಿ ಬಿಗಿಯಾಗುತ್ತದೆ. ದಪ್ಪ ಭಾಗ ಇನ್ನೂ ಮೆತ್ತಗೇ ಇರುತ್ತದೆ. ಆಗ ಊದಿದರೆ ಉಬ್ಬುವುದು ದಪ್ಪ ಭಾಗ. ಹೀಗೆ ಗೋಡೆಯ ದಪ್ಪ ತಾನಾಗಿಯೇ ಸಮ ಆಗುತ್ತ ಬರುತ್ತದೆ. ಉರಿಯೊಳಗೇ ಊದಿದರೆ ತೆಳುವಾದದ್ದು ಇನ್ನೂ ತೆಳುವಾಗಿ ಗುಳ್ಳೆ ಒಡೆಯುತ್ತದೆ. ಕಾಕಾ ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಅವರ ಗಲ್ಲಕ್ಕೆ ಅದು ಗೊತ್ತಿತ್ತು.

ಮುಗಿದ ಕೆಲಸವನ್ನು ಅವರು ಹಾಗೇ ಕೆಳಗಿಡುತ್ತಿರಲಿಲ್ಲ. ಆಕ್ಸಿಜನ್ ಕಡಿಮೆ ಮಾಡಿ, ಹೊಗೆಯಾಡುವ ಮೆತ್ತನೆಯ ಹಳದಿ ಉರಿಯಲ್ಲಿ, ಗಾಜಿಗೆಲ್ಲ ಕಾಡಿಗೆ ಹಿಡಿಯುವ ತನಕ ತಿರುಗಿಸುತ್ತ ಇರುತ್ತಿದ್ದರು. ದೊಡ್ಡ ಸಾಮಾನಾದರೆ ಕುಲುಮೆಯಲ್ಲಿ ಸುಮಾರು 560 ಡಿಗ್ರಿಗೆ ಕಾಯಿಸಿ ನಿಧಾನವಾಗಿ ಇಳಿಸುವುದು. ಇಲ್ಲದಿದ್ದರೆ ಬೆಸುಗೆಯ ಸುತ್ತ ಬಿಗಿತ ಉಳಿದು, ಮೂರು ದಿನದ ಮೇಲೋ ಮೂರು ತಿಂಗಳ ಮೇಲೋ, ಯಾರೂ ಮುಟ್ಟದೆ ಇದ್ದಾಗ ಟಕ್ ಎಂದು ಸೀಳುತ್ತದೆ. ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದರೆ ಆ ಬಿಗಿತ ಬಣ್ಣದ ಪಟ್ಟಿಗಳಾಗಿ ಕಾಣುತ್ತದೆ. ಕಾಕಾ ಕೊಟ್ಟ ಸಾಮಾನಿನಲ್ಲಿ ಆ ಪಟ್ಟಿಗಳನ್ನು ನಾನು ಕಂಡದ್ದಿಲ್ಲ.

ನನ್ನ ಸಂಶೋಧನೆ ಗಾಳಿ ತಗುಲಿದರೆ ಕೆಡುವ ಸಂಯುಕ್ತಗಳದ್ದು. ಎಲ್ಲವೂ ಗಾಜಿನ ವ್ಯಾಕ್ಯೂಮ್ ಲೈನಿನೊಳಗೇ ನಡೆಯಬೇಕು. ಒಂದು ವಿದೇಶಿ ಪತ್ರಿಕೆಯಲ್ಲಿ ಬಂದಿದ್ದ ಚಿತ್ರವನ್ನು ಗ್ರಾಫ್ ಹಾಳೆಗೆ ಇಳಿಸಿ ಕಾಕಾರ ಮುಂದಿಟ್ಟೆ. ಬಹಳ ಹೊತ್ತು ನೋಡಿ, ಪೆನ್ಸಿಲ್ ಕೇಳಿ, ಪಕ್ಕದ ಕೊಳವೆಯನ್ನು ಎರಡು ಬೆರಳು ಮೇಲಕ್ಕೆ ಸರಿಸಿ, ನಡುವೆ ಒಂದು ಬುರುಡೆ ಬರೆದರು. “ನಿನ್ನ ದ್ರಾವಣ ಕುದ್ದು ಜಿಗೀತಂದ್ರ ಪಂಪಿಗೆ ಹೋಗಬಾರದಲ್ಲ, ಇಲ್ಲಿ ನಿಲ್ಲಲಿ” ಎಂದರು. ಮುಂದಿನ ವರ್ಷಗಳಲ್ಲಿ ಆ ಬುರುಡೆ ನನ್ನ ಪಂಪನ್ನು ಅದೆಷ್ಟು ಸಲ ಉಳಿಸಿತೋ. ನಮ್ಮ ಮೊದಲ ಲೇಖನದ ಚಿತ್ರ 1 ಅದೇ ಉಪಕರಣ, ಕಾಕಾ ತಿದ್ದಿದ ರೂಪದಲ್ಲಿ. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರ ನಂತರದ ಹೆಸರು ಅವರದು. ಪತ್ರಿಕೆಯ ಲೇಖನಗಳಲ್ಲಿ ಅಂಥ ಹೆಸರಿಗೆ ಜಾಗ ಇರುವುದಿಲ್ಲ. ಇರಬೇಕಿತ್ತು ಎಂದು ಆಗಲೂ ಅನ್ನಿಸಿತ್ತು, ಈಗ ಇನ್ನೂ ಗಟ್ಟಿಯಾಗಿ ಅನ್ನಿಸುತ್ತದೆ. ಒಂದು ಬೆಸುಗೆ ಸೋರಿದರೆ ಸುಳ್ಳಾಗುವ ಅಂಕಿಸಂಖ್ಯೆಗಳ ಮೇಲೆ ನಮ್ಮ ಪದವಿಗಳು ನಿಂತಿದ್ದವು.

ಅವರು ಮಾಡುತ್ತಿದ್ದುದರಲ್ಲಿ ಅತ್ಯಂತ ಕಷ್ಟದ್ದು ರಿಂಗ್ ಸೀಲ್. ಒಂದು ಕೊಳವೆ ಇನ್ನೊಂದರ ಗೋಡೆಯನ್ನು ತೂರಿ ಒಳಗೆ ಹೋಗಬೇಕು. ಹೊರಗೂ ಒಳಗೂ ಒಂದೇ ಬೆಸುಗೆ, ಒಳಗಿನದು ನಟ್ಟನಡುವೆ ನಿಲ್ಲಬೇಕು, ಅದನ್ನು ಕೈಯಿಂದ ಹಿಡಿಯುವಂತಿಲ್ಲ. ನೀರು ಹರಿಯುವ ಸಾಮಾನ್ಯ ಕಂಡೆನ್ಸರಿನ ಎರಡೂ ತುದಿಗೆ ಈ ಬೆಸುಗೆ ಇರುತ್ತದೆ. ಆ ಹೊತ್ತಿನಲ್ಲಿ ಕಾಕಾ ಯಾರ ಮಾತಿಗೂ ಓಗೊಡುತ್ತಿರಲಿಲ್ಲ. ನಾನು ಅದನ್ನು ಕಲಿಯಲೇ ಇಲ್ಲ. ಸರಳ ಬೆಸುಗೆ, ಟಿ ಜಾಯಿಂಟು, ಸಣ್ಣ ಬುರುಡೆ, ಅಲ್ಲಿಗೆ ನನ್ನ ಕೈ ನಿಂತಿತು.

ಕಾಕಾ ಕಲಾವಿದರು ಎಂದು ನಾನು ಹೇಳಿದಾಗ ಕೆಲವರು ವಾದ ಹೂಡುತ್ತಾರೆ. ಪ್ರಯೋಗಾಲಯದ ಸಾಮಾನು ಮಾಡುವವನು ಕುಶಲಕರ್ಮಿ, ಕಲೆ ಬೇರೆ ಎನ್ನುತ್ತಾರೆ. ಅಮೆರಿಕದಲ್ಲಿ 1962ರಲ್ಲಿ ಹಾರ್ವೆ ಲಿಟಲ್ಟನ್ ಎಂಬ ಕುಂಬಾರಿಕೆಯ ಮೇಷ್ಟರು ಟೊಲೆಡೊ ವಸ್ತುಸಂಗ್ರಹಾಲಯದಲ್ಲಿ ಒಂದು ಸಣ್ಣ ಕುಲುಮೆ ಹೂಡಿ, ಕಾರಖಾನೆಯ ಹೊರಗೆ ಒಬ್ಬರೇ ಕೂತು ಗಾಜು ಊದಬಹುದು ಎಂದು ತೋರಿಸಿದರು. ಅಲ್ಲಿಂದ ಈಚೆಗೆ ಗಾಜು ಊದುವವರು ಗ್ಯಾಲರಿಗಳಿಗೆ ಬಂದರು. ಡೇಲ್ ಚಿಹುಲಿಯಂಥವರ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಅಪಘಾತದಲ್ಲಿ ಒಂದು ಕಣ್ಣು ಹೋಗಿ, ಮುಂದೆ ಭುಜಕ್ಕೂ ಪೆಟ್ಟಾಗಿ, 1979ರ ನಂತರ ಚಿಹುಲಿ ಸ್ವತಃ ಊದುವುದನ್ನು ಬಿಟ್ಟರು. ಚಿತ್ರ ಬರೆದು ಕೊಟ್ಟು ತಂಡದಿಂದ ಮಾಡಿಸಿದರು. ಅವರನ್ನು ಕಲಾವಿದರೆಂದು ಒಪ್ಪುವವರು, ತಾನೇ ಚಿತ್ರ ತಿದ್ದಿ ತಾನೇ ಊದಿದ ಕಾಕಾರನ್ನು ಏಕೆ ಒಪ್ಪಬಾರದು?

ಒಂದು ಸಲ ಹಳೆಯ ಪತ್ರಿಕೆಯೊಂದರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗಾಜಿನ ಹೂಗಳ ಚಿತ್ರ ಸಿಕ್ಕಿತು. ಜರ್ಮನಿಯ ಡ್ರೆಸ್ಡನ್ ಹತ್ತಿರ ಬ್ಲಾಶ್ಕಾ ಮನೆತನದ ಅಪ್ಪ ಮಗ, ಲಿಯೋಪೋಲ್ಡ್ ಮತ್ತು ರುಡಾಲ್ಫ್, ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆಂದು 1887ರಿಂದ 1936ರವರೆಗೆ ಮಾಡಿಕೊಟ್ಟ ಮಾದರಿಗಳು ಅವು. ನಾಲ್ಕು ಸಾವಿರಕ್ಕೂ ಹೆಚ್ಚು. ಕೇಸರ, ರೋಮ, ಎಲೆಯ ನರ ಏನನ್ನೂ ಬಿಟ್ಟಿಲ್ಲ. ಕಾಕಾರ ಹಾಗೆಯೇ ಮೇಜಿನ ದೀಪದ ಮುಂದೆ ಕೂತು ಮಾಡಿದ ಕೆಲಸ. ಪತ್ರಿಕೆಯನ್ನು ಕಾಕಾರಿಗೆ ತೋರಿಸಿದೆ. ಹೂವನ್ನು ಅವರು ನೋಡಲೇ ಇಲ್ಲ, ದಂಟನ್ನು ನೋಡಿದರು. “ಇಷ್ಟ ಸಣ್ಣ ದಂಟು ಇಷ್ಟ ದೊಡ್ಡ ಹೂವಾ ಹೊರೂದಿಲ್ಲ. ಇದರ ಒಳಗ ತಂತಿ ಐತಿ.” ಎಷ್ಟೋ ವರ್ಷಗಳ ಮೇಲೆ ಬ್ಲಾಶ್ಕಾಗಳ ಬಗ್ಗೆ ಓದುವಾಗ ಆ ಮಾತು ನಿಜವೆಂದು ತಿಳಿಯಿತು. ಒಳಗೆ ಲೋಹದ ತಂತಿ ಇಟ್ಟೇ ಮಾಡಿದ್ದರು.

ಆ ಚಿತ್ರ ಅವರ ತಲೆಯಲ್ಲಿ ಉಳಿದಿರಬೇಕು. ನಿವೃತ್ತರಾಗಿ ಸವಣೂರಿಗೆ ಹೋದ ಮೇಲೆ ಅವರನ್ನು ನೋಡಲು ಹೋದೆ. ಆ ಹೊತ್ತಿಗೆ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಹಾವೇರಿ ಬೇರೆ ಜಿಲ್ಲೆಯಾಗಿತ್ತು. ಹಿತ್ತಲಿನ ತಗಡಿನ ಕೋಣೆಯಲ್ಲಿ ಬರ್ನರ್ ಹೂಡಿದ್ದರು. ಆಕ್ಸಿಜನ್ ಸಿಲಿಂಡರ್ ವೆಲ್ಡಿಂಗ್ ಅಂಗಡಿಯಿಂದ ಬಾಡಿಗೆಗೆ. ಗಾಜು, ಒಡೆದ ಪಿಪೆಟ್ಟು ಕಂಡೆನ್ಸರುಗಳ ತುಂಡು. ಅವುಗಳಿಂದ ಅವರು ಮಾಡುತ್ತಿದ್ದುದು ಮರ.

ಸವಣೂರಿಗೆ ಹೋದವರಿಗೆ ಆ ಮರಗಳು ಗೊತ್ತು. ದೊಡ್ಡಹುಣಸೆ ಮಠದ ಆವರಣದ ಮೂರು ಬೃಹತ್ ಮರಗಳು. ಹೆಸರಿಗೆ ಹುಣಸೆ, ಜಾತಿಯಿಂದ ಆಫ್ರಿಕಾದ ಬಾವೋಬಾಬ್. ಸುತ್ತಳತೆ ಹತ್ತು ಮೀಟರು ದಾಟುತ್ತದೆ. ಉಬ್ಬಿದ ಕಾಂಡ, ಅದರ ತುದಿಯಲ್ಲಿ ದಿಢೀರನೆ ಸಣ್ಣಗಾಗುವ ಕೊಂಬೆಗಳು. ಗಾಜು ಊದುವವನಿಗೆ ಇದಕ್ಕಿಂತ ಹೊಂದುವ ಮರ ಲೋಕದಲ್ಲಿ ಇನ್ನೊಂದಿಲ್ಲ. ದಪ್ಪ ಕೊಳವೆಯನ್ನು ಕಾಯಿಸಿ ಊದಿದರೆ ಕಾಂಡ ಆಯಿತು, ಬಾವೋಬಾಬಿನ ಹಾಗೆಯೇ ಒಳಗೆ ಟೊಳ್ಳು. ಮೇಲಿನ ತುದಿಯನ್ನು ಚುಕ್ಕೆ ಚುಕ್ಕೆಯಾಗಿ ಕಾಯಿಸಿ, ಗಾಜಿನ ಕಡ್ಡಿ ತಾಗಿಸಿ ಎಳೆದರೆ ಕೊಂಬೆ. ಕಾಂಡದ ಮೇಲಿನ ಮಡಿಕೆಗಳನ್ನು ಗ್ರಾಫೈಟ್ ಪಟ್ಟಿಯ ಅಂಚಿನಿಂದ ಒತ್ತಿದ್ದರು. ಒತ್ತಿದಲ್ಲಿ ಕುಸಿಯದಂತೆ ಅದೇ ಕ್ಷಣ ಒಳಗಿಂದ ಊದಿ ತಡೆಯಬೇಕು. ಒಂದು ಕೈ ತಿರುಗಿಸುತ್ತದೆ, ಇನ್ನೊಂದು ಒತ್ತುತ್ತದೆ, ಬಾಯಲ್ಲಿ ರಬ್ಬರ್ ನಳಿಕೆ. ಚುರುಮುರಿ, ಸವಣೂರಿನ ಖಾರ ಮುಂದಿಟ್ಟು ಕೂರಿಸಿ, ಕೊಂಬೆಗಳಿಗೆ ಎಲೆ ಹಾಕಲೋ ಬೇಡವೋ ಎಂದು ನನ್ನನ್ನು ಕೇಳಿದರು. ಆ ಮರ ವರ್ಷದಲ್ಲಿ ಬಹಳ ದಿನ ಬೋಳಾಗಿಯೇ ಇರುತ್ತದಲ್ಲ ಎಂದೆ. ಹೌದೆಂದು ತಲೆಯಾಡಿಸಿದರು. ಅವರು ಮುಗಿಸಿದ ಯಾವ ಮರಕ್ಕೂ ಎಲೆ ಇಲ್ಲ.

2023ರ ಮಳೆಗಾಲದಲ್ಲಿ ಆ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಕಾಕಾ ಅದನ್ನು ನೋಡಲು ಇರಲಿಲ್ಲ. ಇದ್ದಿದ್ದರೆ ಬೇರಿನ ಅಳತೆ ತೆಗೆದುಕೊಂಡು ಬರುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ನಮ್ಮ ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಲ್ಲಿಸಿದ್ದಾರೆ. ಹೆದ್ದಾರಿಯ ಬಸ್ಸುಗಳಿಂದ ಶಾಲೆ ಮಕ್ಕಳು ಇಳಿದು ಹೋಗುವಾಗ ನನಗೆ ಸಂತೋಷವಾಗುತ್ತದೆ. ನಮ್ಮ ಕಡೆಯ ಕಸುಬುಗಳಿಗೆ ಅಂಥ ಗೌರವ ಸಿಕ್ಕಿದ್ದು ದೊಡ್ಡ ಮಾತು. ಗಾಜು ಮಾತ್ರ ನಮ್ಮ ಕಸುಬುಗಳ ಪಟ್ಟಿಗೆ ಎಂದೂ ಸೇರಲಿಲ್ಲ. ಹಾಗೆಂದು ಕರ್ನಾಟಕಕ್ಕೆ ಅದು ಹೊಸದೂ ಅಲ್ಲ. ಟಿಪ್ಪು ಮಡಿದ ಮೇಲೆ 1800-01ರಲ್ಲಿ ಈ ಸೀಮೆಯಲ್ಲೆಲ್ಲ ತಿರುಗಿದ ಫ್ರಾನ್ಸಿಸ್ ಬುಕಾನನ್, ಈಗಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುವುದನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಚೌಳು ನೆಲದಿಂದ ತೆಗೆದ ಸೋಡ, ಬೆಣಚುಕಲ್ಲಿನ ಪುಡಿ, ಕುಲುಮೆ. ಇದನ್ನು ಕಾಕಾರಿಗೆ ಓದಿ ಹೇಳಿದ ದಿನ ಅವರು ಮೇಲಿಂದ ಮೇಲೆ ಪ್ರಶ್ನೆ ಕೇಳಿದರು. ಸೌದೆ ಯಾವುದು, ಎಷ್ಟು ದಿನ ಉರಿ, ಮಡಕೆ ಎಲ್ಲಿಯದು. ತನಗೂ ಈ ನಾಡಿನಲ್ಲಿ ಹಿಂದಿನವರು ಇದ್ದರು ಎಂಬ ಸುದ್ದಿ ಅವರಿಗೆ ಅಷ್ಟು ವಯಸ್ಸಾದ ಮೇಲೆ ಮುಟ್ಟಿತು.

ಈಗ ಜಾಯಿಂಟು ಸಮೇತ ಎಲ್ಲ ಸಾಮಾನೂ ಕ್ಯಾಟಲಾಗಿನಲ್ಲಿ ಸಿಗುತ್ತದೆ. ಗ್ಲಾಸ್ ಬ್ಲೋವರ್ ನಿವೃತ್ತರಾದ ಮೇಲೆ ಆ ಹುದ್ದೆ ಹಾಗೇ ಉಳಿದ ವಿಭಾಗಗಳನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ. ಕ್ಯಾಟಲಾಗಿನಲ್ಲಿ ಇಲ್ಲದ ಒಂದು ಬುರುಡೆ ಬೇಕಾದಾಗ ಇಂದಿನ ವಿದ್ಯಾರ್ಥಿ ತನ್ನ ಪ್ರಯೋಗವನ್ನೇ ಬದಲಿಸಿಕೊಳ್ಳುತ್ತಾನೆ. ಇದು ವಿಜ್ಞಾನಕ್ಕೆ ಆಗುತ್ತಿರುವ ನಷ್ಟ ಎಂದು ನಾನು ಪಾಠದ ನಡುವೆಯೂ ಹೇಳುತ್ತಿದ್ದೆ.

ಕಾಕಾರ ಮಗಳು ಕಳೆದ ವರ್ಷ ಅವರ ಟಿಪ್ಪಣಿ ಪುಸ್ತಕವನ್ನು ನನಗೆ ಕೊಟ್ಟರು. ಗೀಟಿನ ನೋಟ್‌ಬುಕ್ಕು, ಪೆನ್ಸಿಲ್ ಚಿತ್ರ, ಮಿಲಿಮೀಟರಿನಲ್ಲಿ ಅಳತೆ, ಕನ್ನಡದಲ್ಲಿ ಬರೆದ ಚುಟುಕು ಸೂಚನೆ. ಅದನ್ನು ಚೊಕ್ಕವಾಗಿ ಬರೆದು ತೆಗೆಯುತ್ತಿದ್ದೇನೆ. ಟಿ ಜಾಯಿಂಟು, ಬುರುಡೆ, ಟ್ರ್ಯಾಪು ಮುಗಿದವು. ಮರದ ಕಾಂಡಕ್ಕೆ ನಾಲ್ಕು ಪುಟ ಇದೆ. ರಿಂಗ್ ಸೀಲಿನ ಪುಟದಲ್ಲಿ ಐದು ಚಿತ್ರಗಳಿವೆ. ನಾಲ್ಕನೆಯದರಿಂದ ಐದನೆಯದಕ್ಕೆ ಒಳಗಿನ ಕೊಳವೆಯನ್ನು ಹೇಗೆ ನಡುವೆ ನಿಲ್ಲಿಸಿದರು ಎಂಬುದು ನನಗೆ ಬಗೆಹರಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಾಜು ಊದುವವರು ಇನ್ನೂ ಕೆಲಸ ಮಾಡುತ್ತಿದ್ದಾರೆ. ದೀಪಾವಳಿ ಮುಗಿದ ಮೇಲೆ ನೋಟ್‌ಬುಕ್ಕು ತೆಗೆದುಕೊಂಡು ಅವರನ್ನು ಕೇಳಿಬರಬೇಕೆಂದಿದ್ದೇನೆ.